ಕಡಾಣಿ: ಗಾಲಿಯ ಕೊನೆಯ ಕಾವಲು

ಕಡಾಣಿ (ನಾಮಪದ): 'ಕಡೆ' ಮತ್ತು 'ಆಣಿ' ಕೂಡಿದ ಮಾತು, ಅಚ್ಚಿನ ತುದಿಯಲ್ಲಿ ನಿಂತು ಗಾಲಿ ಕಳಚದಂತೆ ತಡೆಯುವ ಮೊಳೆ. ತಮಿಳಿನಲ್ಲಿ ಇದು 'ಕಡೈಯಾಣಿ'. ಋಗ್ವೇದದಲ್ಲೂ ರಥದ 'ಆಣಿ' ಬರುತ್ತದೆ. ಕನ್ನಡದಲ್ಲಿ ಅಂಗಾಲಿನ ಗಡಸು ಗಂಟೂ ಆಣಿಯೇ. ದಶರಥನ ರಥಕ್ಕೆ ಕೈಕೇಯಿ ಬೆರಳು ಕೊಟ್ಟ ಜನಪ್ರಿಯ ಕಥೆಯಲ್ಲಿ ಆ ಬೆರಳು ನಿಂತದ್ದು ಕಡಾಣಿಯ ಜಾಗದಲ್ಲಿ.

ಎತ್ತಿನ ಗಾಡಿಯೊಂದಿಗೆ ಪದ ಮರೆಯಾಗುತ್ತಿದೆ, ಅದರ ಕೆಲಸ ಮಾತ್ರ ಇಂದಿನ ವಾಹನಗಳ ಗಾಲಿಯ ನಟ್ಟಿನಲ್ಲಿ ಉಳಿದಿದೆ. ಹಾಗಾಗಿ ಅದೂ ಕಡಾಣಿಯೇ. ಕಡಾಣಿ ಬರೀ ತಡೆ, ನಟ್ಟು ಬಿಗಿಹಿಡಿತ. ಎರಡಕ್ಕೂ ಒಂದೇ ಹೆಸರು ಸಲ್ಲದು ಎನ್ನಬಹುದು. ಆದರೆ ಎರಡರ ಹೊಣೆಯೂ ಗಾಲಿಯನ್ನು ಉಳಿಸಿಕೊಳ್ಳುವುದೇ. ಹಳೆಯ ಜೀಪಿನ ಗಾಲಿಗೂ ಅದು ಕೂರುವ ಹಬ್‌ಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿದರೆ ಅದರ ದಪ್ಪದಷ್ಟು ಬೋಲ್ಟಿನ ಹಿಡಿತ ಕಡಿಮೆಯಾಗುತ್ತದೆ. 12 ಮಿಲಿಮೀಟರ್ ಬೋಲ್ಟಿನ ಎಳೆಗಳ ಅಂತರ 1.5 ಮಿಲಿಮೀಟರ್ ಇದ್ದರೆ ನಟ್ಟು ಕನಿಷ್ಠ 8 ಸುತ್ತು ಕೂರಬೇಕು. ಸಾಲದಿದ್ದರೆ ಉದ್ದದ ಬೋಲ್ಟು ಬೇಕು. ಪಡುಬಿದ್ರಿಯಂಥ ಕಡಲತೀರದ ಊರಿನಲ್ಲಿ ಹಬ್‌ನ ತುಕ್ಕನ್ನು ಮೊದಲು ಉಜ್ಜಿ ತೆಗೆಯಬೇಕು. ತುಕ್ಕಿನ ಮೇಲೆ ಕೂತ ಸ್ಪೇಸರ್ ಸಡಿಲಾಗುತ್ತದೆ. ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಿರಿ. ಪಡುಬಿದ್ರಿಯಿಂದ ಉಡುಪಿಗೆ ಒಮ್ಮೆ ಹೋಗಿಬಂದ ಮೇಲೆ ಮತ್ತೆ ಪರೀಕ್ಷಿಸಿ. ಕಡಾಣಿ ಗಟ್ಟಿಯಿಲ್ಲದ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.