ನಾಯಿಗೊಂದು ಕಲ್ಲು, ಕಲ್ಲಿಗೊಂದು ದತ್ತಿ

ಕಾರವಾರ, ಅಂಕೋಲೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಬೀದಿನಾಯಿಗಳ ಆರೈಕೆಗೆ ಚಿಕ್ಕ ಸಂಸ್ಥೆಯೊಂದನ್ನು ಕಟ್ಟಬೇಕೆಂದು ಹೊರಟಿದ್ದಾರೆ. ಸಹಾಯಾರ್ಥ ಯಕ್ಷಗಾನವೊಂದನ್ನು ಆಡಿಸಿ ಹಣ ಕೂಡಿಸುವುದೇ ಎಂದು ಕೇಳಲು ಮೊನ್ನೆ ಮನೆಗೆ ಬಂದಿದ್ದರು. ಇತಿಹಾಸದ ಮಾಸ್ತರನಾಗಿದ್ದ ನನಗೆ ಒಡನೆಯೇ ನೆನಪಾದದ್ದು ಆತಕೂರಿನ ಶಾಸನ.

ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949-50ರದು; ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಮೆಚ್ಚಿದ ಒಡೆಯನಲ್ಲಿ ಬೇಡಿದ್ದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಮಡಿದವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂಬ ಕಟ್ಟಳೆಯೂ ಆಯಿತು.

ಕಲ್ಲು ಒಮ್ಮೆಯ ಖರ್ಚು. ಭೂಮಿ ವರ್ಷವರ್ಷದ ಹುಟ್ಟುವಳಿ. ಈ ಭೇದವನ್ನು ನಮ್ಮ ಹಿರಿಯರು ಅರಿತಿದ್ದರು. ಯಕ್ಷಗಾನದ ಹಣದಿಂದ ಒಂದು ಶೆಡ್ಡು ಎದ್ದೀತು. ಮರುತಿಂಗಳ ಅನ್ನ, ರೇಬಿಸ್ ಲಸಿಕೆ, ಪಶುವೈದ್ಯರ ಶುಲ್ಕ? ತಂದು ಕಟ್ಟಿದ ನಾಯಿಯನ್ನು ಹಣ ತೀರಿತೆಂದು ಮತ್ತೆ ಬೀದಿಗೆ ಬಿಡುವುದು ಮೊದಲಿನ ಅನಾಥತೆಗಿಂತ ಕ್ರೂರ.

ಆದುದರಿಂದ ಆಟ ಆಡಿಸಿರಿ, ಬೇಡವೆನ್ನೆ. ಆದರೆ ಮೊದಲು ತಿಂಗಳ ವಂತಿಗೆಯ ಪಟ್ಟಿ ಮಾಡಿರಿ. ಆಮೇಲೆ ನಾಯಿಯನ್ನು ತನ್ನಿರಿ ಎಂದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಂತೆ ಸಂಘವೊಂದಕ್ಕೆ ಕನಿಷ್ಠ ಏಳು ಜನ ಬೇಕು. ಬಂದವರು ಐವರು. ಆರನೆಯ ಹೆಸರನ್ನು ನನ್ನದೇ ಬರೆಸಿ, ಪಿಂಚಣಿಯಿಂದ ತಿಂಗಳಿಗಿಷ್ಟೆಂದು ಒಪ್ಪಿದ್ದೇನೆ.

ಏಳನೆಯವರು ನಿಮ್ಮಲ್ಲಿ ಯಾರು?