ಸೇನೆಯಲ್ಲಿ ಆಫೀಸರ್ ಆಗಬೇಕಾ? ಅಕಾಡೆಮಿಯ ದೈಹಿಕ ತರಬೇತಿ ಹೇಗಿರುತ್ತೆ, ಊರಲ್ಲೇ ತಯಾರಿ ಹೇಗೆ? ಇಲ್ಲಿದೆ ಮಾಹಿತಿ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಸುಕಿನಲ್ಲೇ ಎದ್ದು ಓಡುವ ಹುಡುಗರಲ್ಲಿ ಹೆಚ್ಚಿನವರ ಲೆಕ್ಕ ಅಗ್ನಿವೀರ್ ರ‍್ಯಾಲಿಯ 1.6 ಕಿ.ಮೀ. ಓಟದ್ದು. ಆದ್ರೆ ಅದೇ ಹುಡುಗರು, ಹುಡುಗಿಯರು ಆಫೀಸರ್ ಹುದ್ದೆಗೂ ಹೋಗಬಹುದು. ಅದರ ದಾರಿ, ತಯಾರಿ ಎರಡೂ ಬೇರೆ.

ದಾರಿ ಯಾವುದು?
ಪಿಯುಸಿ ನಂತರ ಎನ್‌ಡಿಎ, ಪದವಿ ನಂತರ ಸಿಡಿಎಸ್. ಎರಡೂ ಪರೀಕ್ಷೆ ನಡೆಸುವುದು ಯುಪಿಎಸ್‌ಸಿ. ಲಿಖಿತ ಪರೀಕ್ಷೆ ಪಾಸಾದರೆ ಐದು ದಿನದ ಎಸ್‌ಎಸ್‌ಬಿ ಸಂದರ್ಶನ. ಅಲ್ಲಿ ಓಟದ ಪಂದ್ಯ ಇರಲ್ಲ. 3 ನಿಮಿಷದಲ್ಲಿ 10 ಅಡೆತಡೆ ದಾಟುವ ಪರೀಕ್ಷೆ ಇರುತ್ತೆ. ಆಮೇಲೆ ವೈದ್ಯಕೀಯ ತಪಾಸಣೆ, ಮೆರಿಟ್ ಪಟ್ಟಿ.

ಖಡಕ್ವಾಸ್ಲಾದ ಎನ್‌ಡಿಎ ತರಬೇತಿ 3 ವರ್ಷ, ನಂತರ ಡೆಹ್ರಾಡೂನ್‌ನ ಐಎಂಎಯಲ್ಲಿ 1 ವರ್ಷ. ಚೆನ್ನೈನ ಒಟಿಎಯಲ್ಲಿ 49 ವಾರ. ಎನ್‌ಡಿಎಗೆ ಹುಡುಗಿಯರ ಪ್ರವೇಶ 2022ರಲ್ಲಿ ಶುರುವಾಗಿ, ಮೊದಲ ತಂಡದ 17 ಮಂದಿ 2025ರ ಮೇನಲ್ಲಿ ಹೊರಬಂದರು. ನಮ್ಮ ವಿಜಯಪುರದ ಸೈನಿಕ ಶಾಲೆ 1963ರಿಂದ ಎನ್‌ಡಿಎಗೆ ಮಕ್ಕಳನ್ನು ತಯಾರು ಮಾಡ್ತಾ ಇದೆ.

ಸೇರುವಾಗಲೇ ಎಷ್ಟು ತಾಕತ್ತು ಬೇಕು?
ಇತ್ತೀಚಿನ ಸೇನಾ ಅಧಿಸೂಚನೆಗಳ ಪ್ರಕಾರ ಒಟಿಎ ಸೇರುವಾಗ:
- 2.4 ಕಿ.ಮೀ. ಓಟ: ಪುರುಷರಿಗೆ 10 ನಿಮಿಷ 30 ಸೆಕೆಂಡ್, ಮಹಿಳೆಯರಿಗೆ 13 ನಿಮಿಷ
- ಪುಷ್‌ಅಪ್: 40 / 15
- ಪುಲ್‌ಅಪ್: 6 / 2
- ಸಿಟ್‌ಅಪ್: 30 / 25
- ಈಜಿನ ಮೂಲ ತಿಳಿವಳಿಕೆ

ಗರಡಿ ಮನೆಯಲ್ಲಿ ದಂಡ, ಬೈಠಕ್ ಹೊಡೆದವರಿಗೆ ಪುಷ್‌ಅಪ್ ಹೊಸದಲ್ಲ. ಬಹಳ ಮಂದಿ ಸಿಕ್ಕಿಬೀಳೋದು ಪುಲ್‌ಅಪ್ ಮತ್ತು ಈಜಿನಲ್ಲಿ.

ಒಳಗೆ ಏನಿರುತ್ತೆ?
ಬೆಳಗ್ಗೆ ಪಿಟಿ, ಡ್ರಿಲ್. ನಂತರ ತರಗತಿ, ಸಂಜೆ ಆಟ. ಹಗ್ಗ ಹತ್ತುವುದು, 9 ಅಡಿ ಕಂದಕ ಜಿಗಿಯುವುದು, ರೈಫಲ್ ಹಿಡಿದು 5 ಕಿ.ಮೀ. ಓಟ, ಬಾಕ್ಸಿಂಗ್, ಕ್ರಾಸ್ ಕಂಟ್ರಿ, ಬೆನ್ನ ಮೇಲೆ ಭಾರ ಹೊತ್ತು ದೂರದ ನಡಿಗೆ. ಇವುಗಳಲ್ಲಿ ಪಾಸಾಗದಿದ್ದರೆ ಕೆಡೆಟ್‌ನನ್ನು ಒಂದು ಟರ್ಮ್ ಹಿಂದಕ್ಕೆ ಹಾಕಬಹುದು.

ಗಾಯ ಮುಚ್ಚಿಡಬೇಡಿ
ಒಮ್ಮೆಲೇ ಓಟ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಬೀಳಬಹುದು. "ತಾನೇ ಹೋಗ್ತದ ಬಿಡು" ಅಂತ ಓಡಿದರೆ ತಿಂಗಳುಗಟ್ಟಲೆ ಮಲಗಬೇಕಾದೀತು. ತರಬೇತಿಯಲ್ಲೇ ಅಂಗವಿಕಲರಾಗಿ ಹೊರಬಂದ ಕೆಡೆಟ್‌ಗಳಿಗೆ ಕಮಿಷನ್ ಆಗಿರದ ಕಾರಣ ಮಾಜಿ ಸೈನಿಕರ ಸ್ಥಾನಮಾನ ಸಿಗುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಅದೇ ತಿಂಗಳು ಇವರಿಗೂ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆ ಕೊಡಲು ರಕ್ಷಣಾ ಇಲಾಖೆ ಒಪ್ಪಿತು.

ಊರಲ್ಲೇ ಹೀಗೆ ಮಾಡಿ
- ಡಾಂಬರು ರಸ್ತೆ ಬಿಟ್ಟು ಶಾಲಾ ಮೈದಾನ, ಮಣ್ಣಿನ ದಾರಿಯಲ್ಲಿ ಓಡಿ. ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ.
- ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಓಟ ಮುಗಿಸಿ, ನೀರು ಚೆನ್ನಾಗಿ ಕುಡಿಯಿರಿ.
- ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ, ಮೊಸರು ಸಾಕು. ಪೌಡರ್ ಡಬ್ಬಿಗೆ ದುಡ್ಡು ಸುರಿಯಬೇಡಿ.
- ಈಜು ಕಲಿಯಲು ಕಾಲುವೆ, ಭೀಮಾ, ಕೃಷ್ಣಾ ಹೊಳೆಗೆ ಒಬ್ಬರೇ ಇಳಿಯಬೇಡಿ. ಈಜು ಬಲ್ಲವರ ಜೊತೆ, ಈಜುಕೊಳದಲ್ಲಿ ಕಲಿಯಿರಿ.

ವಯಸ್ಸು, ಅಂಕ, ದಿನಾಂಕ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಅಧಿಸೂಚನೆ ತಪ್ಪದೇ ಓದಿಕೊಳ್ಳಿ.