ಉಪ್ಪು ಹಾಕಿದವರು ಯಾರು?

ಅಪ್ಪನಿಗೆ ಬಿಪಿ ಅಂತ ಗೊತ್ತಾದ ದಿನವೇ ನಮ್ಮನೆ ಊಟದ ಟೇಬಲ್ಲಿನಿಂದ ಉಪ್ಪಿನ ಡಬ್ಬಿ ಮಾಯವಾಯಿತು. ಸಾರಿಗೆ ಅರ್ಧ ಉಪ್ಪು, ಮಜ್ಜಿಗೆಗೆ ಉಪ್ಪೇ ಇಲ್ಲ, ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಅಪ್ಪ ಮುಖ ಸಿಂಡರಿಸಿಕೊಂಡೇ ಉಂಡರು ಪಾಪ. ಆದರೆ ಸಂಜೆ ಕಾಫಿ ಜೊತೆ ಖಾರಾ ಬಿಸ್ಕತ್ತು, ರಾತ್ರಿ ಟೀವಿ ಮುಂದೆ ಚಿಪ್ಸು ಮಾತ್ರ ಹಾಗೇ ನಡೆದಿತ್ತು! ಒಂದು ದಿನ ಸುಮ್ಮನೆ ಪೊಟ್ಟಣ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ 'ಸೋಡಿಯಂ' ಅಂತ ಒಂದು ಸಾಲು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. ಗುಣಿಸಿ ನೋಡಿ ಸುಮ್ಮನೆ ಕೂತೆ.

ಹೀಗೆ ಕಣ್ಣಿಗೆ ಕಾಣದ ಉಪ್ಪನ್ನು ಲೆಕ್ಕ ಹಾಕಿದವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಂಗ್ಲೆಂಡಿನ ಕಥೆ.

ಮನುಷ್ಯ ಊಟಕ್ಕೆ ಉಪ್ಪು ಸುರಿದದ್ದು ಬರೀ ರುಚಿಗಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಮೀನು, ಮಾಂಸ, ಮಾವಿನಮಿಡಿ ಎಲ್ಲ ಉಳಿಯುತ್ತಿದ್ದದ್ದು ಉಪ್ಪಿನಿಂದಲೇ. ಫ್ರಿಜ್ ಬಂದ ಮೇಲೆ ಆ ಅಗತ್ಯ ತಗ್ಗಬೇಕಿತ್ತು. ಆದರೆ ಅಷ್ಟರಲ್ಲಿ ಅಡುಗೆಯೇ ಮನೆಯಿಂದ ಕಾರ್ಖಾನೆಗೆ ಹೊರಟಿತ್ತು. ಅಲ್ಲಿ ಉಪ್ಪಿಗೆ ಬೇರೆ ಕೆಲಸಗಳೂ ಸಿಕ್ಕವು. ಅಗ್ಗದ ಪದಾರ್ಥಕ್ಕೆ ರುಚಿ ಕೊಡುವುದು, ಮಾಂಸದಲ್ಲಿ ನೀರು ಹಿಡಿದಿಟ್ಟು ತೂಕ ಹೆಚ್ಚಿಸುವುದು, ಇತ್ಯಾದಿ.

1987ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ ನನಗೆ ತುಂಬಾ ಹಿಡಿಸಿತು. ಸಂಶೋಧಕರು ಜನರಿಗೆ ಮನೆಬಳಕೆಗೆ ಅಂತ ಚೂರು ಲಿಥಿಯಂ ಬೆರೆಸಿದ ಉಪ್ಪು ಕೊಟ್ಟರು. ಆಮೇಲೆ ಅವರ ಮೂತ್ರ ಪರೀಕ್ಷಿಸಿದರು. ಲಿಥಿಯಂ ಎಷ್ಟಿದೆಯೋ ಅದು ಮನೆಯವರು ಹಾಕಿಕೊಂಡ ಉಪ್ಪಿನ ಗುರುತು. ಉಳಿದದ್ದು ಬೇರೆಯವರು ಹಾಕಿದ್ದು! ಲೆಕ್ಕ ಹೀಗೆ ಬಂತು: ಅಡುಗೆ ಮತ್ತು ಊಟದ ಟೇಬಲ್ಲಿನಿಂದ ಸುಮಾರು ಶೇ. 15, ಆಹಾರದಲ್ಲೇ ಸಹಜವಾಗಿ ಇರುವುದು ಶೇ. 10, ಕಾರ್ಖಾನೆಯಲ್ಲಿ ತಯಾರಾದ ತಿನಿಸಿನಿಂದ ಶೇ. 75. ಅಂದರೆ ಉಪ್ಪಿನ ಡಬ್ಬಿಯನ್ನೇ ಕಿಟಕಿಯಿಂದ ಎಸೆದರೂ ಮುಕ್ಕಾಲು ಪಾಲು ಉಪ್ಪು ಹಾಗೇ ಹೊಟ್ಟೆ ಸೇರುತ್ತಿತ್ತು.

ಮರುವರ್ಷ, 1988ರಲ್ಲಿ, 'ಇಂಟರ್‌ಸಾಲ್ಟ್' ಅಧ್ಯಯನ ಬಂತು. 32 ದೇಶಗಳ 52 ಕಡೆ, ಹತ್ತು ಸಾವಿರಕ್ಕೂ ಹೆಚ್ಚು ಜನ. ನಮ್ಮ ದೆಹಲಿ, ಲಡಾಖ್ ಕೂಡ ಅದರಲ್ಲಿದ್ದವು. ಉಪ್ಪನ್ನೇ ಬಳಸದ ಬ್ರೆಜಿಲ್ಲಿನ ಯಾನೊಮಾಮಿ ಜನರಿಗೆ ವಯಸ್ಸಾದರೂ ಬಿಪಿ ಏರುತ್ತಿರಲಿಲ್ಲ. ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಅದು ವರ್ಷಗಟ್ಟಲೆ ನಡೆದರೆ ಪೆಟ್ಟು ಬೀಳುವುದು ಮೆದುಳು, ಹೃದಯ, ಕಿಡ್ನಿಗೆ.

ಇಷ್ಟೆಲ್ಲ ಗೊತ್ತಾದ ಮೇಲೆ ಸರ್ಕಾರ ಎದ್ದು ಕೂತಿತು ಅಂದುಕೊಂಡಿರಾ? ಊಹೂಂ. 1994ರಲ್ಲಿ ತಜ್ಞರ ಸಮಿತಿ ದಿನಕ್ಕೆ 6 ಗ್ರಾಂ ಸಾಕು ಅಂತ ಹೇಳಿದರೂ ಬ್ರಿಟಿಷ್ ಸರ್ಕಾರ ಉಪ್ಪಿನ ಆ ಸಲಹೆಯನ್ನು ಒಪ್ಪಲಿಲ್ಲ. ರೋಸಿಹೋದ ವೈದ್ಯ ಗ್ರಹಾಂ ಮೆಕ್‌ಗ್ರೆಗರ್ ಮತ್ತಿತರ ತಜ್ಞರು ಸೇರಿ 1996ರಲ್ಲಿ 'ಕ್ಯಾಶ್' ಅನ್ನುವ ಸಂಘಟನೆ ಕಟ್ಟಿದರು. 2003ರಲ್ಲಿ ಮತ್ತೊಂದು ಸಮಿತಿ ಅದೇ 6 ಗ್ರಾಂ ಅಂದಾಗ ಆಹಾರ ಗುಣಮಟ್ಟ ಸಂಸ್ಥೆ ಕೆಲಸಕ್ಕಿಳಿಯಿತು. 2004ರಲ್ಲಿ 'ಸಿಡ್' ಅನ್ನುವ ಚಿಪ್ಪಿಲ್ಲದ ಬಸವನಹುಳುವನ್ನು ಜಾಹೀರಾತಿಗೆ ತಂದರು. ಉಪ್ಪು ಬಿದ್ದರೆ ಆ ಹುಳು ಸಾಯುತ್ತದಲ್ಲ, ಅದಕ್ಕೇ! ಉಪ್ಪು ತಯಾರಕರ ಸಂಘ ಸುಮ್ಮನಿರುತ್ತದೆಯೇ? ದೂರು ಕೊಟ್ಟಿತು.

ಆದರೆ ನಿಜವಾದ ಕೆಲಸ ನಡೆದದ್ದು ಸದ್ದಿಲ್ಲದೆ. 2006ರಲ್ಲಿ ಬ್ರೆಡ್ಡಿಗೆ ಇಷ್ಟು, ಸಾಸೇಜಿಗೆ ಇಷ್ಟು ಅಂತ ಎಂಬತ್ತಕ್ಕೂ ಹೆಚ್ಚು ಬಗೆಯ ತಿನಿಸುಗಳಿಗೆ ಉಪ್ಪಿನ ಗುರಿ ಹಾಕಿದರು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವೇ ಇಳಿಸುವುದು. 2001ರಲ್ಲಿ 100 ಗ್ರಾಂ ಬ್ರೆಡ್ಡಿನಲ್ಲಿ ಸರಾಸರಿ 1.23 ಗ್ರಾಂ ಉಪ್ಪಿತ್ತು. ಸಮುದ್ರದ ನೀರಿನ ಮೂರನೇ ಒಂದು ಪಾಲಿನಷ್ಟು ಉಪ್ಪು, ಅದೂ ನಾವು ಸಪ್ಪೆ ಅಂದುಕೊಳ್ಳುವ ಬ್ರೆಡ್ಡಿನಲ್ಲಿ! 2011ರ ಹೊತ್ತಿಗೆ ಅದು 0.98ಕ್ಕೆ ಇಳಿದಿತ್ತು. ಮೆಲ್ಲಗೆ ಕಡಿಮೆಯಾದರೆ ನಾಲಿಗೆ ಅದಕ್ಕೇ ಒಗ್ಗಿಕೊಳ್ಳುತ್ತದೆ. ದಿನದ ಸರಾಸರಿ ಸೇವನೆಯೂ 9.5 ಗ್ರಾಮಿನಿಂದ 8.1ಕ್ಕೆ ಬಂತು, ಜನರ ಸರಾಸರಿ ಬಿಪಿಯೂ ಇಳಿಯಿತು. ಬಿಪಿ ಇಳಿದದ್ದು ಉಪ್ಪೊಂದರಿಂದಲೇ ಅಂತ ಹೇಳಲಾಗದು, ಆದರೆ ಅದರದ್ದೂ ಪಾಲಿದೆ ಅನ್ನುತ್ತಾರೆ ತಜ್ಞರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2011ರಲ್ಲಿ ಹೊಸ ಸರ್ಕಾರ, ಕಂಪನಿಗಳು ತಾವಾಗಿಯೇ ಮಾತು ಕೊಟ್ಟು ನಡೆದುಕೊಳ್ಳಲಿ ಅಂತ ಹಿಡಿತ ಸಡಿಲಿಸಿತು. ಇಳಿಕೆ ನಿಂತೇಹೋಯಿತು. 2018-19ರ ಸಮೀಕ್ಷೆಯಲ್ಲಿ ಇಂಗ್ಲೆಂಡಿನವರ ಸೇವನೆ 8.4 ಗ್ರಾಂ.

ನಮ್ಮ ದೇಶದಲ್ಲಿ ಹೆಚ್ಚಿನ ಉಪ್ಪು ಇನ್ನೂ ಮನೆಯ ಅಡುಗೆಯಿಂದಲೇ ಬರುತ್ತದೆ, ನಿಜ. ಅದು ಅಮ್ಮನ ಕೈಯಲ್ಲಿದೆ, ಹೇಳಿದರೆ ಕಡಿಮೆ ಮಾಡುತ್ತಾಳೆ. ಪೊಟ್ಟಣದ ಉಪ್ಪು ಯಾರ ಕೈಯಲ್ಲಿದೆ? ಅದು ಹೆಚ್ಚುತ್ತಾ ಹೋದಷ್ಟೂ 'ಉಪ್ಪು ಕಮ್ಮಿ ತಿನ್ನಿ' ಅಂತ ರೋಗಿಗೆ ಬುದ್ಧಿ ಹೇಳುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಹಾಕುವವರಿಗೇ ಹೇಳಬೇಕು, ಹೇಳಿ ಸುಮ್ಮನಾಗದೆ ಅಳೆಯುತ್ತಲೇ ಇರಬೇಕು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಸರಿಯೇ. ಆದರೆ ತಾನು ಉಪ್ಪು ತಿನ್ನುತ್ತಿದ್ದೇನೆ ಅಂತಲೇ ಗೊತ್ತಿಲ್ಲದವನ ಗತಿ?

ಅಂದ ಹಾಗೆ, ಅಪ್ಪ ಈಗ ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಭಾಗ ಓದುತ್ತಾರೆ. ಖಾರಾ ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ ಬಂದಿದೆ. ನಿಮ್ಮನೆಯ ಪೊಟ್ಟಣಗಳನ್ನೂ ಒಮ್ಮೆ ತಿರುಗಿಸಿ ನೋಡಿ. ಎರಡೂವರೆಯಿಂದ ಗುಣಿಸುವುದು ಮರೆಯಬೇಡಿ!